ಬಾನಿನಲ್ಲಿ ಬುಟ್ಟಿ ಹುಡುಕುವ ಕಣ್ಣು

ಉಜಳಾಯಿವಾಡಿಯಲ್ಲಾಗಲಿ ಸಾಂಬ್ರಾದಲ್ಲಾಗಲಿ ವಿಮಾನ ಇಳಿಯುವುದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ನೆಲದ ಮೇಲೆ ನಿಂತು ಎಣ್ಣೆ ತುಂಬಿಸಿಕೊಳ್ಳುವುದರಲ್ಲಿ ಸೋಜಿಗವೇನಿಲ್ಲ. ಆದರೆ ಕೆಳಗಿಳಿಯದೆ, ಹಾರುತ್ತಿರುವಾಗಲೇ, ಇನ್ನೊಂದು ವಿಮಾನದಿಂದ ಎಣ್ಣೆ ಪಡೆಯುವುದೂ ಉಂಟು. ಆ ಕೆಲಸವನ್ನು ಕಂಪ್ಯೂಟರಿನ ಕಣ್ಣಿಗೆ ಒಪ್ಪಿಸುವ ಪ್ರಯತ್ನದ ಬಗ್ಗೆ ಇವತ್ತು ನಾಲ್ಕು ಮಾತು. ನಾನು ವಿಜ್ಞಾನಿಯಲ್ಲ, ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನ ಗುಮಾಸ್ತಿಕೆ ಮಾಡಿದವನು. ಆದರೂ ಇದರ ತಿರುಳು ಮ್ಯಾಟ್ರಿಕ್ ಲೆಕ್ಕಕ್ಕೆ ಎಟುಕುವಂಥದ್ದೇ.

ಮೊದಲು ನಮ್ಮ ದೇಶದ ಮಾತು. ಬೆಂಗಳೂರಿನಲ್ಲಿ ತಯಾರಾದ ತೇಜಸ್ ಯುದ್ಧವಿಮಾನ 2018ರ ಸೆಪ್ಟೆಂಬರ್ 10ರಂದು, 20,000 ಅಡಿ ಎತ್ತರದಲ್ಲಿ, ವಾಯುಸೇನೆಯ ಐಎಲ್-78 ಟ್ಯಾಂಕರ್ ವಿಮಾನದಿಂದ 1,900 ಕಿಲೋ ಇಂಧನ ಪಡೆಯಿತು. ವೇಗ 270 ನಾಟ್, ಅಂದರೆ ಗಂಟೆಗೆ ಸುಮಾರು 500 ಕಿಲೋಮೀಟರ್. ನಡೆಸಿದವರು ವಿಂಗ್ ಕಮಾಂಡರ್ ಸಿದ್ಧಾರ್ಥ ಸಿಂಗ್. ಅದೇ ತಿಂಗಳ 4 ಮತ್ತು 6ರಂದು ಎಣ್ಣೆ ಹರಿಸದೆ ಬರೀ ಜೋಡಿಸಿ ನೋಡಿದ್ದರು.

ಜೋಡಿಸುವುದು ಹೇಗೆಂದರೆ, ಟ್ಯಾಂಕರು ಒಂದು ಉದ್ದನೆಯ ಕೊಳವೆಯನ್ನು ಹಿಂದಕ್ಕೆ ಬಿಡುತ್ತದೆ. ಅದರ ತುದಿಗೆ ಬುಟ್ಟಿಯಂಥ ಒಂದು ಸಾಧನ. ಪೈಲಟರೂ ಅದನ್ನು ಬುಟ್ಟಿ ಎಂದೇ ಕರೆಯುತ್ತಾರೆ. ಹಿಂದೆ ಬರುವ ವಿಮಾನದ ಮೂಗಿನ ಹತ್ತಿರ ಒಂದು ನಳಿಕೆ. ಅದು ಬುಟ್ಟಿಯ ನಡುವೆ ಹೊಕ್ಕರೆ ಎಣ್ಣೆ ಹರಿಯುತ್ತದೆ. ಓಡುವ ಚಕ್ಕಡಿಯಲ್ಲಿ ಕೂತು ಮುಂದಿನ ಚಕ್ಕಡಿಯವನು ಹಿಡಿದ ಸೂಜಿಗೆ ದಾರ ಪೋಣಿಸಿದಂತೆ. ಇನ್ನೂ ಒಂದು ತೊಡಕಿದೆ. ಕೆರೆಯಲ್ಲಿ ತೇಲುವ ಎಲೆ ಹಿಡಿಯಲು ಕೈ ಚಾಚಿದರೆ ನೀರು ಅಲುಗಿ ಎಲೆ ಆಚೆ ಸರಿಯುತ್ತದಲ್ಲ, ಹಾಗೆಯೇ ವಿಮಾನದ ಮೂಗು ತಳ್ಳಿದ ಗಾಳಿ ಕಡೆಯ ಗಳಿಗೆಯಲ್ಲಿ ಬುಟ್ಟಿಯನ್ನು ದೂರ ನೂಕುತ್ತದೆ.

ತಪ್ಪಿದರೆ ಏನಾಗುತ್ತದೆ? 1966ರ ಜನವರಿ 17ರಂದು ಸ್ಪೇನಿನ ಪಾಲೊಮಾರೆಸ್ ಊರಿನ ಮೇಲೆ ಅಮೆರಿಕದ ಬಿ-52 ಬಾಂಬರು ಎಣ್ಣೆ ಪಡೆಯಲು ಹೋಗಿ ಟ್ಯಾಂಕರಿಗೆ ಡಿಕ್ಕಿ ಹೊಡೆಯಿತು. ಏಳು ಮಂದಿ ಸತ್ತರು. ಬಾಂಬರಿನಲ್ಲಿದ್ದ ನಾಲ್ಕು ಹೈಡ್ರೋಜನ್ ಬಾಂಬುಗಳು ಕೆಳಗೆ ಬಿದ್ದವು. ಪುಣ್ಯಕ್ಕೆ ಅಣುಸ್ಫೋಟವಾಗಲಿಲ್ಲ. ಶಿರೋಳ ತಾಲೂಕಿನ ಸೈನಿಕ ಟಾಕಳಿಯಂಥ ಊರಿರುವ ಜಿಲ್ಲೆ ನಮ್ಮದು. ಮಗನನ್ನು ಸೇನೆಗೆ ಕಳಿಸಿದ ಮನೆಯವರಿಗೆ ಇದು ದೂರದ ಸುದ್ದಿಯಲ್ಲ.

ಇಷ್ಟು ನಾಜೂಕಿನ ಕೆಲಸ ಯಂತ್ರಕ್ಕೆ ಯಾಕೆ ಅಂದೀರಿ. ಪೈಲಟನೇ ಇಲ್ಲದ ವಿಮಾನಗಳು ಬಂದಿವೆ. ಅವುಗಳಲ್ಲಿ ಬುಟ್ಟಿ ನೋಡುವವರಾರು? ಮೊಬೈಲಿನಲ್ಲಿ ದಾರಿ ತೋರಿಸುವ ಜಿಪಿಎಸ್ ಟ್ಯಾಂಕರು ಎಲ್ಲಿದೆ ಎಂದು ಹೇಳುತ್ತದೆ. ಆದರೆ ಕೊಳವೆಯ ತುದಿಯಲ್ಲಿ ಓಲಾಡುವ ಬುಟ್ಟಿ ಈ ಕ್ಷಣ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಾಗದು. ಅದಕ್ಕೇ ಕ್ಯಾಮರಾ ಬೇಕು.

ಕಂಪ್ಯೂಟರಿಗೆ ಚಿತ್ರವೆಂದರೆ ಸಾವಿರಾರು ಚುಕ್ಕಿಗಳು, ಪ್ರತಿ ಚುಕ್ಕಿಗೂ ಬೆಳಕಿನ ಒಂದು ಅಂಕಿ. ಅಂಕಿ ಥಟ್ಟನೆ ಬದಲಾದಲ್ಲಿ ಒಂದು ಅಂಚಿದೆ ಎಂದು ಅದು ತಿಳಿಯುತ್ತದೆ. ಅಂಥ ಅಂಚುಗಳು ಬಳೆಯಾಕಾರವಾಗಿ ಕೂಡಿದರೆ ಅದು ಬುಟ್ಟಿಯ ಬಾಯಿ ಇರಬಹುದು. ಬಳೆ ಗುಂಡಗೆ ಕಂಡರೆ ಬುಟ್ಟಿ ನೆಟ್ಟಗೆ ಎದುರಿಗಿದೆ, ಮೊಟ್ಟೆಯಂತೆ ಕಂಡರೆ ಓರೆಯಾಗಿದೆ. ದೂರ ತಿಳಿಯಲು ವ್ಯಸ್ತ ತ್ರೈರಾಶಿ ಸಾಕು. ಇಪ್ಪತ್ತು ಮೀಟರಿನಲ್ಲಿ 60 ಚುಕ್ಕಿ ಅಗಲ ಕಂಡದ್ದು ಹತ್ತು ಮೀಟರಿನಲ್ಲಿ 120 ಚುಕ್ಕಿ ಕಾಣಬೇಕು. ಈ ಲೆಕ್ಕ ಒಂದು ಸೆಕೆಂಡಿನಲ್ಲಿ ಹಲವು ಸಲ ನಡೆಯಬೇಕು. ಲೆಕ್ಕ ಮುಗಿಯುವಷ್ಟರಲ್ಲಿ ಬುಟ್ಟಿ ಎಲ್ಲಿಗೆ ಸರಿದಿರುತ್ತದೆ ಎಂಬ ಅಂದಾಜೂ ಬೇಕು.

ನನಗೆ ಕಷ್ಟವೆನಿಸುವುದು ಈ ಲೆಕ್ಕವಲ್ಲ, ಗುರುತು ಹಿಡಿಯುವುದು. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಕಾರ್ಡಿನ ಮಾದರಿ ಸಹಿಯೊಂದಿಗೆ ತಾಳೆ ನೋಡುತ್ತಿದ್ದೆವು. ಯಾರ ಸಹಿಯೂ ಎರಡು ಸಲ ಒಂದೇ ಥರ ಬೀಳುವುದಿಲ್ಲ. ದಿನವಿಡೀ ಕಬ್ಬು ಕಡಿದ ಕೈ ನಡುಗುತ್ತದೆ. ಆದರೂ ಇದು ಅವರದೇ ಎಂದು ಗುರುತಿಸಬೇಕು. ಸಂಶಯ ಬಂದರೆ ಮಾತ್ರ, ಸಾಲಿನಲ್ಲಿದ್ದವರು ಎಷ್ಟೇ ಗೊಣಗಲಿ, ಹಣ ಕೊಡಬಾರದು. ಬುಟ್ಟಿಯೂ ಹಾಗೆಯೇ. ಬಿಸಿಲು ಕ್ಯಾಮರಾಕ್ಕೆ ನೇರ ಬಡಿದಾಗ ಒಂದು ರೂಪ, ಮೋಡದಲ್ಲಿ ಇನ್ನೊಂದು, ಅರ್ಧ ಮರೆಯಾದಾಗ ಮತ್ತೊಂದು. ಇಚಲಕರಂಜಿಯ ಪಾವರ್‌ಲೂಮಿನಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ. ವಿಮಾನ ನಿಲ್ಲುವಂತಿಲ್ಲ. ಸಂಶಯ ಬಂದ ಕೂಡಲೇ ಹಿಂದೆ ಸರಿದು, ಬೇರೆಯಾಗಿ, ಮತ್ತೆ ಬರಬೇಕು. ಹಿಂದೆ ಸರಿಯಲು ಬಾರದ ಯಂತ್ರ ಎಷ್ಟು ಚುರುಕಿನದಾದರೂ ನಾನು ನಂಬಲಾರೆ.

2006ರ ಆಗಸ್ಟ್ 30ರಂದು ಅಮೆರಿಕದ ನಾಸಾದ ಎಫ್-18 ವಿಮಾನ, ಜಿಪಿಎಸ್ ಮತ್ತು ಕ್ಯಾಮರಾಗಳ ನೆರವಿನಿಂದ, ಒಳಗಿದ್ದ ಪೈಲಟ್ ಕೈ ಹಚ್ಚದೆ ಬುಟ್ಟಿ ಸೇರಿತು. 2015ರ ಏಪ್ರಿಲ್ 22ರಂದು ಎಕ್ಸ್-47ಬಿ ಎಂಬ ಪೈಲಟ್‌ರಹಿತ ವಿಮಾನ ತಾನೇ ಹೋಗಿ 4,000 ಪೌಂಡಿಗೂ ಹೆಚ್ಚು ಇಂಧನ ಪಡೆಯಿತು.

ಬುಟ್ಟಿಯಿಲ್ಲದ ಇನ್ನೊಂದು ಪದ್ಧತಿಯೂ ಇದೆ. ಅದರಲ್ಲಿ ಟ್ಯಾಂಕರಿನಲ್ಲಿ ಕೂತ ಆಪರೇಟರ್ ಗಟ್ಟಿ ಕೊಳವೆಯನ್ನು ಹಿಂದಿನ ವಿಮಾನದ ಬೆನ್ನಿಗೆ ಇಳಿಸುತ್ತಾನೆ. ಯುರೋಪಿನ ಏರ್‌ಬಸ್ ಕಂಪನಿ ಈ ಕೊಳವೆಯನ್ನು ಕ್ಯಾಮರಾದ ಚಿತ್ರ ನೋಡಿ ತಾನೇ ಚಲಿಸುವಂತೆ ಮಾಡಿದೆ. 2022ರಲ್ಲಿ ಅದಕ್ಕೆ ಪ್ರಮಾಣಪತ್ರ ಸಿಕ್ಕಿತು, ಅದೂ ಹಗಲು ಹೊತ್ತಿನ ಬಳಕೆಗೆ. ಕೊಳವೆ ತಾನಾಗಿ ಚಲಿಸುವಾಗಲೂ ಆಪರೇಟರ್ ಪರದೆಯ ಮುಂದೆ ಕೂತು ನೋಡುತ್ತಿರುತ್ತಾನೆ.