ಅಂಕಿತ ಬರುವ ಮೊದಲೇ

ಈ ವಾರ ಆದವಾನಿಯ ಹತ್ತಿ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರ ಮೊಬೈಲ್ ‘ಪವಮಾನ’ ಹಾಡತೊಡಗಿತು. ಪಲ್ಲವಿ ಮುಗಿಯುವ ಮೊದಲೇ ಅವರು ಫೋನ್ ಎತ್ತಿ ತೆಲುಗಿನಲ್ಲಿ ಹತ್ತಿ ರೇಟಿನ ಮಾತಿಗಿಳಿದರು. ಮಾತು ಮುಗಿದ ಮೇಲೆ, “ಯಾರ ಹಾಡ್ರೀ ಅದು?” ಅಂದೆ. ಹಾಡಿದವರ ಹೆಸರು ಹೇಳಿದರು. “ಬರೆದೋರು?” ಅಂದೆ. “ಪುರಂದರದಾಸರೇ ಇರಬೇಕಲ್ರೀ” ಅಂದರು.

ವಿಜಯದಾಸರದು. ಚಿಪ್ಪಗಿರಿಯ ವಿಜಯದಾಸರದು. ನಾವು ಚಹಾ ಕುಡಿಯುತ್ತಿದ್ದ ಕರ್ನೂಲು ಜಿಲ್ಲೆಯಲ್ಲೇ ಆ ಚಿಪ್ಪಗಿರಿ ಇದೆ.

ಆ ಹಿರಿಯರನ್ನು ಅಂದು ಏನು ಪ್ರಯೋಜನ? ದಾಸರ ಪದದಲ್ಲಿ ಕರ್ತೃವಿನ ಗುರುತು ಇರುವುದು ಕೊನೆಯ ಚರಣದಲ್ಲಿ. ರಿಂಗ್‌ಟೋನು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಹೋದರೂ ಅಲ್ಲಿರುವುದು ವಿಜಯದಾಸರ ಸ್ವಂತ ಹೆಸರಲ್ಲ, ‘ವಿಜಯವಿಠಲ’ ಎಂಬ ದೇವರ ಹೆಸರು. ಕಾಶಿಯಲ್ಲಿ ಕನಸಿನಲ್ಲಿ ಪುರಂದರದಾಸರೇ ಬಂದು ಕೊಟ್ಟ ಅಂಕಿತವಂತೆ ಅದು. ವಿಜಯದಾಸರು ಹುಟ್ಟಿದ್ದು 1682ರಲ್ಲಿ, ತುಂಗಭದ್ರೆಯ ಆಚೆ ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ. ಮನೆಯಲ್ಲಿ ಕಡುಬಡತನ. ಆಗ ಹೆಸರು ದಾಸಪ್ಪ. ದೇಹ ಬಿಟ್ಟದ್ದು 1755ರಲ್ಲಿ, ಹೊಳೆಯ ಈಚೆ, ಚಿಪ್ಪಗಿರಿಯಲ್ಲಿ.

ಅವರನ್ನು ಬಲ್ಲವರು ಸುಳಾದಿ ದಾಸರು ಅನ್ನುತ್ತಾರೆ. ಈ ಸುಳಾದಿ ಬಿಡಿ ಹಾಡಲ್ಲ. ಒಂದು ನುಡಿ ಧ್ರುವ ತಾಳದಲ್ಲಿ, ಮುಂದಿನದು ಮಟ್ಟದಲ್ಲಿ, ಆಮೇಲೆ ತ್ರಿಪುಟ, ಅಟ್ಟ, ಹೀಗೆ ತಾಳ ಬದಲಾಗುತ್ತ ಹೋಗುತ್ತದೆ. ಕಡೆಗೆ ‘ಜತೆ’ ಎಂಬ ಎರಡು ಸಾಲು. ಈಗಿನವರು ಆಲ್ಬಮ್ ಅನ್ನುತ್ತಾರಲ್ಲ, ಒಂದರ ಹಿಂದೊಂದು ಅದೇ ಅನುಕ್ರಮದಲ್ಲಿ ಕೇಳಬೇಕಾದದ್ದು, ಹಾಗೆ. ನಡುವಿನಿಂದ ಒಂದು ನುಡಿ ಕಿತ್ತು ಸ್ಟೇಟಸ್ಸಿಗೆ ಹಾಕಿದರೆ ತಾಳ ಹೊರಳುವ ಸುಖವೇ ಸಿಗುವುದಿಲ್ಲ. ದಾಸರು ಹಾಡಿದ ಮೂಲ ಧಾಟಿಗಳು ಬಹುಮಟ್ಟಿಗೆ ಕಳೆದುಹೋಗಿವೆ. ಇಂದು ಹಾಡುವವರು ತಮಗೆ ಒಪ್ಪಿದ ರಾಗ ಕೂಡಿಸಿಕೊಳ್ಳುತ್ತಾರೆ. ಬಹಳ ಮನೆಗಳಲ್ಲಿ ಸುಳಾದಿಯನ್ನು ಸ್ತೋತ್ರದ ಹಾಗೆ ಓದಿ ಮುಗಿಸುವುದೇ ರೂಢಿ. ವಿಜಯದಾಸರ ದುರ್ಗಾ ಸುಳಾದಿಯನ್ನು ಕಷ್ಟ ಬಂದಾಗ ಓದುತ್ತಾರೆ. ಕಷ್ಟವಿಲ್ಲದಾಗ ಸಂಗೀತಕ್ಕೆಂದು ಕೇಳುವವರು ಕಡಿಮೆ ಎಂಬುದು ನನ್ನ ದೂರು.

ವಿಜಯದಾಸರ ಕಾಲದಲ್ಲೂ ಎಲ್ಲರೂ ತಲೆದೂಗಲಿಲ್ಲ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ದಾಸರು ಊಟಕ್ಕೆ ಕರೆದರೆ, ಕನ್ನಡ ಪದ ಹಾಡಿಕೊಂಡು ತಿರುಗುವವರ ಪಂಕ್ತಿಗೆ ಹೋಗುವುದೇ ಎಂದು, ಹೊಟ್ಟೆನೋವಿನ ನೆಪ ಹೇಳಿ ಕಳಿಸಿದರಂತೆ. ನೆಪ ನಿಜವಾಯಿತು, ನೋವು ಬಿಡಲಿಲ್ಲ. ಕೊನೆಗೆ ದಾಸರ ಬಳಿಗೇ ಬಂದರೆ, ಅವರು ತಮ್ಮ ಶಿಷ್ಯ ಗೋಪಾಲದಾಸರತ್ತ ಕಳಿಸಿದರು. ಗೋಪಾಲದಾಸರು ಜೋಳದ ರೊಟ್ಟಿ ಉಣ್ಣಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ದಾನ ಕೊಟ್ಟರು ಎಂದು ಕಥೆ. ಕಥೆಯ ಲೆಕ್ಕ ಹೇಗಾದರೂ ಇರಲಿ, ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ ಕನ್ನಡದಲ್ಲಿ ‘ಹರಿಕಥಾಮೃತಸಾರ’ ಬರೆದರು. ಜೋಳದ ರೊಟ್ಟಿಯ ಸೀಮೆಯವನಾದ ನನಗೆ ಈ ಕಥೆಯಲ್ಲಿ ರೊಟ್ಟಿಯ ಭಾಗವೇ ಹೆಚ್ಚು ಇಷ್ಟ.

ಬರೆದವರು ಮರೆಯಲ್ಲಿ ಉಳಿದು ಹಾಡು ಮುಂದೆ ಹೋಗುವುದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಟೌನ್ಸ್ ವ್ಯಾನ್ ಝಾಂಟ್ ಎಂಬ ಹಾಡುಗಾರನಿದ್ದ. 1972ರ ಅವನ ಆಲ್ಬಮ್ಮಿನ ಹೆಸರಿನಲ್ಲೇ, ಆತ ಬದುಕಿರುವಾಗಲೇ, ‘ದಿವಂಗತ’ ಎಂದಿತ್ತು. 1983ರಲ್ಲಿ ಅವನದೊಂದು ಹಾಡನ್ನು ವಿಲ್ಲಿ ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡ್ ಹಾಡಿದರು, ಅದು ಅಲ್ಲಿನ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಊರೂರಿಗೆ ಹಾಡು ತಲುಪಿತು. ಬರೆದವನನ್ನು ಬಲ್ಲವರು ಸ್ವಲ್ಪ ಜನ.

ನಮ್ಮ ದಾಸರಿಗೆ ಇನ್ನೊಂದು ತೊಡಕೂ ಇದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಹೀಗಾಗಿ ದಾಸರು ಹುಟ್ಟಿದ ಊರು ಕರ್ನಾಟಕದಲ್ಲಿ, ಅವರ ನೆನಪಿನ ಕಟ್ಟೆ ಇರುವ, ಆಲೂರಿನ ಕಡೆಯ ಚಿಪ್ಪಗಿರಿ ಆಂಧ್ರದಲ್ಲಿ. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ಭಕ್ತರು ಎರಡೂ ಕಡೆಯಿಂದ ಬರುತ್ತಾರೆ, ಅವರಿಗೆ ಗಡಿಯ ಚಿಂತೆಯಿಲ್ಲ. ಆದರೆ ಇಲ್ಲಿ ತೆಲುಗು ಶಾಲೆಯಲ್ಲಿ ಓದುವ ಹುಡುಗ ಆ ಹಾಡನ್ನು ಗುನುಗಿಯಾನು, ಅಂಕಿತ ಯಾರದೆಂದು ಹೇಳಿಕೊಡುವವರು ಮನೆಯಲ್ಲೇ ಇರಬೇಕು.

ಮನೆಯಲ್ಲಿ ಇದ್ದಾರೆ ಕೂಡ. ಆದವಾನಿ, ಕೌತಾಳ, ಹೊಳಗುಂದ, ಆಲೂರಿನ ಕಡೆ ಅಜ್ಜಿಯರು ಕೈಬರಹದಲ್ಲಿ ಇಳಿಸಿಕೊಂಡ ಹಾಡಿನ ಪುಸ್ತಕಗಳು ಟ್ರಂಕಿನ ತಳದಲ್ಲಿ ಇನ್ನೂ ಇರಬಹುದು. ಹಾಳೆ ಉದುರುತ್ತಿದೆಯೆಂದು ರದ್ದಿಗೆ ಹಾಕಬೇಡಿ. ಧಾಟಿ ಬಲ್ಲ ಅಜ್ಜಿ ಇದ್ದರೆ ಪಕ್ಕದಲ್ಲಿ ಕೂತು ಒಂದು ಸುಳಾದಿ ಹಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅರ್ಧಕ್ಕೆ ನಿಲ್ಲಿಸಬೇಡಿ, ಜತೆಯವರೆಗೂ ಹಾಡಲಿ.