ಹೇಳದೆ ಹೋದ ಕಲಾಸಿ

ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಜುಲೈ ಮುಗಿಯುತ್ತಾ ಬಂದಂತೆ ಗಂಗೊಳ್ಳಿ ಬಂದರಿನಲ್ಲಿ ಬಲೆ ಸರಿಪಡಿಸುವ, ಎಂಜಿನ್ ರಿಪೇರಿ ಮಾಡಿಸುವ ಗಡಿಬಿಡಿ. ಆಗ ಬೋಟಿನ ಮಾಲಕರನ್ನು ಕಾಡುವ ಚಿಂತೆ ಒಂದಿದೆ: ಮುಂಗಡ ತೆಗೆದುಕೊಂಡು ಊರಿಗೆ ಹೋದ ಕಲಾಸಿ, ಅಂದರೆ ಬೋಟಿನ ಆಳು, ಬರುತ್ತಾನೋ ಇಲ್ಲವೋ? ಇಲ್ಲಿ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದವರೂ ಇದ್ದಾರೆ. ಫೋನು ಸ್ವಿಚ್ ಆಫ್ ಆದರೆ ಅವರನ್ನು ಹುಡುಕುವುದು ಎಲ್ಲಿ? ಅಂಗಡಿ, ಹೋಟೆಲು, ಗೇರುಬೀಜದ ಕಾರ್ಖಾನೆಯವರಿಗೂ ಈ ಫಜೀತಿ ಹೊಸದಲ್ಲ.

ಇಂಥ ಹೊತ್ತಿನಲ್ಲಿ ಮೊದಲು ಬಾಯಿಗೆ ಬರುವ ಮಾತು, "ದುಡ್ಡು ತಕಂಡ್ ಓಡಿ ಹೋದ". ಇರಲೂಬಹುದು. ಬೇರೆ ಬೋಟಿನವರು ಹೆಚ್ಚು ಮುಂಗಡ ಕೊಟ್ಟಿರಬಹುದು. ಆದರೆ ಜ್ವರ ಬಂದು ಮಲಗಿರಬಹುದು, ಬೋಟು ನಡೆಸುವ ತಾಂಡೇಲನ ಜೊತೆ ಜಗಳ ಆಗಿರಬಹುದು, ಹಳೇ ಪಾಲಿನ ಲೆಕ್ಕ ಚುಕ್ತಾ ಆಗದ ಬೇಸರವಿರಬಹುದು. ಕಾರಣ ಗೊತ್ತಾಗುವ ಮೊದಲೇ ತೀರ್ಪು ಕೊಟ್ಟರೆ ಮುಂದೆ ತೊಂದರೆ ಮಾಲಕರಿಗೇ.

ಹಾಗಾದರೆ ಮಾಡಬೇಕಾದ್ದೇನು? ಕೆಲಸದ ನಡುವೆ ಆಳು ಕಾಣದಿದ್ದರೆ ಅದೇ ದಿನ ಫೋನು ಮಾಡಿ. "ಹ್ವಾಯ್, ಎಂತ ಆಯ್ತ್? ಉಷಾರಿಲ್ಯಾ?" ಎಂದು ಕೇಳಿದರೆ ಬರುವ ಉತ್ತರ, "ಎಲ್ಲಿ ಸತ್ತಿದ್ದೆ?" ಎಂದರೆ ಬರುವುದಿಲ್ಲ. ಫೋನಿಗೆ ಸಿಗದಿದ್ದರೆ ಜೊತೆಗಾರರನ್ನು ವಿಚಾರಿಸಿ, ಅವನಿದ್ದ ರೂಮಿಗೆ ಯಾರನ್ನಾದರೂ ಕಳಿಸಿ, ಮನೆಯವರಿಗೆ ತಿಳಿಸಿ. ಬಂದರಿನಲ್ಲಿ ಈ ಹೆಜ್ಜೆಗೆ ಇನ್ನೊಂದು ಅರ್ಥವೂ ಇದೆ. ರಾತ್ರಿ ಬೋಟಿನಲ್ಲೇ ಮಲಗುವವನು ಕಾಲು ಜಾರಿ ನೀರಿಗೆ ಬಿದ್ದಿರಲೂಬಹುದು. ಎಲ್ಲೂ ಸುಳಿವು ಸಿಗದಿದ್ದರೆ ತಡ ಮಾಡದೆ ಪೊಲೀಸರಿಗೆ ಹೇಳಬೇಕು. ಗಂಗೊಳ್ಳಿಯಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆಯೂ ಇದೆ.

ಆಳು ಕ್ಷೇಮವಾಗಿದ್ದಾನೆ, ಆದರೂ ಬರುತ್ತಿಲ್ಲ ಎಂದಾದರೆ ಮುಂದಿನದು ಕಾಗದದ ಕೆಲಸ. ಯಾವ ದಿನದಿಂದ ಬಂದಿಲ್ಲ, ಯಾವ ದಿನದೊಳಗೆ ಬಂದು ಕಾರಣ ಹೇಳಬೇಕು ಎಂದು ಅವನಿಗೆ ಓದಲು ಬರುವ ಭಾಷೆಯಲ್ಲಿ ಬರೆದು, ಊರಿನ ವಿಳಾಸಕ್ಕೂ ಇಲ್ಲಿನ ವಿಳಾಸಕ್ಕೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲೂ ಹಾಕಿ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದು ಮೊಕದ್ದಮೆಯ ಕತೆ ಹೇಳುತ್ತೇನೆ. ಡಿ.ಕೆ. ಯಾದವ್ ಎಂಬ ಕಾರ್ಮಿಕ 1980ರ ಡಿಸೆಂಬರ್ 3ರಿಂದ ಎಂಟು ದಿನಕ್ಕಿಂತ ಹೆಚ್ಚು ಗೈರುಹಾಜರಾದ, ನಿಯಮದ ಪ್ರಕಾರ ಕೆಲಸ ತಾನಾಗಿಯೇ ಹೋಯಿತು ಎಂದಿತು ಜೆ.ಎಂ.ಎ. ಇಂಡಸ್ಟ್ರೀಸ್. ಯಾದವ್ ಹೇಳಿದ್ದೇ ಬೇರೆ: "ನಾನು ದಿನಾ ಬರುತ್ತಿದ್ದೆ, ಗೇಟಿನಲ್ಲೇ ತಡೆದರು". ಕಂಪನಿ ವಿಚಾರಣೆ ನಡೆಸಿರಲಿಲ್ಲ. 1993ರಲ್ಲಿ ಸುಪ್ರೀಂ ಕೋರ್ಟು, ಒಬ್ಬನ ಅನ್ನದ ದಾರಿ ಮುಚ್ಚುವ ಮೊದಲು ಅವನ ಮಾತು ಕೇಳಲೇಬೇಕು ಎಂದು ಹೇಳಿ, ಅರ್ಧ ಹಿಂಬಾಕಿ ಸಂಬಳದ ಜೊತೆ ಮತ್ತೆ ಕೆಲಸ ಕೊಡಿಸಿತು. 2012ರಲ್ಲಿ ಕೃಷ್ಣಕಾಂತ್ ಪರ್ಮಾರ್ ಎಂಬ ಸರ್ಕಾರಿ ನೌಕರನ ಮೊಕದ್ದಮೆಯಲ್ಲಿ, ಗೈರುಹಾಜರಿ ಬೇಕೆಂದೇ ಮಾಡಿದ್ದು ಎಂದು ಸಾಬೀತಾಗದಿದ್ದರೆ ಅದು ದುರ್ನಡತೆಯಲ್ಲ ಎಂದೂ ಹೇಳಿತು. ಹತ್ತಾಳಿನ ಬೋಟಿಗೆ ಕಂಪನಿಯ ನಿಯಮಾವಳಿ ಇರುವುದಿಲ್ಲ, ನಿಜ. ಆದರೂ ಕೇಳಿ ತೀರ್ಮಾನಿಸುವ ಪದ್ಧತಿ ದೊಡ್ಡವರಿಗೂ ಸಣ್ಣವರಿಗೂ ಒಳ್ಳೆಯದೇ.

ಇನ್ನು ಮುಂಗಡದ ಮಾತು. ಕೊಟ್ಟ ದುಡ್ಡನ್ನು ಕೇಳುವುದು ತಪ್ಪಲ್ಲ. ಅದಕ್ಕೆ ಬರಹದ ಲೆಕ್ಕ ಬೇಕು, ಆಳಿನ ಸಹಿ ಬೇಕು. ಆದರೆ ಮುಂಗಡ ತೀರುವವರೆಗೆ ಆಧಾರ್ ಕಾರ್ಡು ಕಿತ್ತಿಟ್ಟುಕೊಳ್ಳುವುದು, ಕೂಡಿಹಾಕುವುದು, ಬಲವಂತದಿಂದ ದುಡಿಸುವುದು ಸಲ್ಲದು. ಮುಂಗಡ ಕೊಟ್ಟು ಹೀಗೆ ಕಟ್ಟಿಹಾಕುವುದನ್ನೇ ಜೀತ ಎಂದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಕರೆದಿದೆ. ಅದಕ್ಕೆ ಶಿಕ್ಷೆಯೂ ಉಂಟು. ಆಳು ಹೇಳದೆ ಬಿಟ್ಟುಹೋದರೂ ಅವನು ದುಡಿದ ದಿನಗಳ ಲೆಕ್ಕ ಮುಗಿಸಿಕೊಡಬೇಕು.

ಇಂಥ ಫಜೀತಿ ಬಾರದಿರಲು, ಕೆಲಸಕ್ಕೆ ಸೇರಿಸುವ ದಿನವೇ ಊರಿನ ವಿಳಾಸ, ಮನೆಯ ಇಬ್ಬರ ಫೋನ್ ನಂಬರು ಬರೆದಿಟ್ಟುಕೊಳ್ಳಿ. "ರಜೆ ಬೇಕಾದರೆ ಹೇಳಿ ಹೋಗು, ಬೈಯುವುದಿಲ್ಲ" ಎಂದು ಅಂದೇ ಹೇಳಿ. ಹೇಳಿ ಹೋದವನನ್ನು ಒಂದು ಸಲ ಬೈದರೂ, ಮುಂದಿನ ಸಲ ಉಳಿದವರು ಹೇಳದೆಯೇ ಹೋಗುತ್ತಾರೆ.