ತೊಳೆದ ರೂಪಾಯಿ
(ಸಾನಪಾಡಾದಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ನಾಣ್ಯಶಾಸ್ತ್ರದ ಪಂಡಿತನಲ್ಲ. ಕೇಂದ್ರ ಸರ್ಕಾರದ ಒಬ್ಬ ಅಧಿಕಾರಿ. ತಪ್ಪು ಮಾಡಿ ಕಲಿತದ್ದನ್ನು ಹೇಳಲು ನಿಂತಿದ್ದೇನೆ.

ತಾಯಿಯವರು ತೀರಿಕೊಂಡ ಮೇಲೆ ಊರಿನ ಟ್ರಂಕಿನಲ್ಲಿದ್ದ ವಿಕ್ಟೋರಿಯಾ ರಾಣಿಯ ಒಂಬತ್ತು ಬೆಳ್ಳಿ ರೂಪಾಯಿಗಳು ನನ್ನ ಪಾಲಿಗೆ ಬಂದವು. ಕಪ್ಪಿಟ್ಟಿದ್ದ ಅವನ್ನು ದೀಪಾವಳಿಯ ಲಕ್ಷ್ಮೀಪೂಜೆಗೆಂದು ಹುಣಸೆಹುಳಿ, ಪಾತ್ರೆಪುಡಿ ಹಾಕಿ ತಿಕ್ಕಿದೆ. ಥಳಥಳ ಹೊಳೆದವು. ಸಂಗ್ರಾಹಕ ಮಿತ್ರರೊಬ್ಬರಿಗೆ ತೋರಿಸಿದಾಗ ಅವರು ಭೂತಗನ್ನಡಿ ಕೆಳಗಿಟ್ಟು, "ತೊಳೆಯುವ ಮೊದಲೇ ತರಬಾರದಿತ್ತೇ?" ಎಂದರು.

ಅವರಿಂದ ತಿಳಿದದ್ದು ಇದು. 1862ರ ರೂಪಾಯಿಯ ತೂಕ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಚಿನಿವಾರನ ತಕ್ಕಡಿಗೆ ಇಷ್ಟೇ ಲೆಕ್ಕ. ಸಂಗ್ರಾಹಕನಾದರೋ ಕೆನ್ನೆ, ಕಿರೀಟ, ಉಡುಪಿನ ಕಸೂತಿ ಮೊದಲಾದ ಉಬ್ಬಿದ ಭಾಗಗಳನ್ನು ನೋಡುತ್ತಾನೆ. ಕೈಯಿಂದ ಕೈಗೆ ಸಾಗಿದ ನಾಣ್ಯ ಮೊದಲು ಸವೆಯುವುದು ಅಲ್ಲಿಯೇ. ಮುಂದೆ ಹಲವು ವರ್ಷ 1862 ಎಂದೇ ಅಚ್ಚೊತ್ತಿದ್ದರಿಂದ ಆ ರೂಪಾಯಿಗಳು ಹೇರಳ. ಸವಕಲು ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ದೊರೆಯದು. ಕಸೂತಿ ಎಳೆಎಳೆಯಾಗಿ ಉಳಿದದ್ದಕ್ಕೆ ಹಲವು ಪಟ್ಟು ದೊರೆಯುತ್ತದೆ.

ಆ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿನ ಗಂಧಕ ಬೆಳ್ಳಿಯೊಡನೆ ಕೂಡಿ ಆದ ಪದರ. ತಿಕ್ಕಿದರೆ ಅದರೊಡನೆ ಮೇಲ್ಮೈಯ ಬೆಳ್ಳಿಯೂ ಹೋಗಿ ಸೂಕ್ಷ್ಮ ಗೀರುಗಳು ಉಳಿಯುತ್ತವೆ. ಸರಕ್ಕೆಂದು ಬೆಸೆದ ಕೊಂಡಿಯ ಗುರುತೂ ಬೆಲೆಯನ್ನು ತಗ್ಗಿಸುತ್ತದೆ.

ಆದರೆ ಎಲ್ಲ ಕೊರತೆಯೂ ಸವೆತವಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ 'ಇಮಾಮಿ' ರೂಪಾಯಿಯನ್ನು ಸುತ್ತಿಗೆಯ ಪೆಟ್ಟಿನಿಂದ ಅಚ್ಚೊತ್ತುತ್ತಿದ್ದರು. ಅಚ್ಚು ಸರಿದು ಅಕ್ಷರ ಹೊರಗುಳಿದರೆ ಅದು ಟಂಕಸಾಲೆಯಲ್ಲಿಯೇ ಆದದ್ದು. ವರ್ಷ, ಟಂಕಸಾಲೆಯ ಹೆಸರು ಎರಡೂ ಪೂರ್ಣವಾಗಿ ಬಿದ್ದಿದ್ದರೆ ಬೆಲೆ ಏರುತ್ತದೆ. ಯಂತ್ರದ ನಾಣ್ಯದ ಅಳತೆಗೋಲನ್ನು ಇದಕ್ಕೆ ಹಿಡಿಯಲಾಗದು.

ಹೊರನಾಡಿಗೆ ಬಂದ ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಇಂತಹ ನಾಣ್ಯಗಳು ಇನ್ನೂ ಇವೆ. ಮಗಳ ಮದುವೆ ಬಂದಾಗ ಕುಂಕುಮದ ಬಟ್ಟಲಿಗೆಂದು ಕರಗಿಸಿಬಿಡುತ್ತೇವೆ. ನನ್ನ ಕೋರಿಕೆ ಇಷ್ಟೇ: ತಿಕ್ಕಬೇಡಿ; ಅಂಚು ಹಿಡಿದು ಎತ್ತಿ; ಪಿವಿಸಿ ಚೀಲದಲ್ಲಿಡದೆ ಆಮ್ಲರಹಿತ ಕಾಗದದಲ್ಲಿ ಒಂದೊಂದನ್ನೂ ಬೇರೆಯಾಗಿಡಿ; ಕರಗಿಸುವ ಮೊದಲು ಬಲ್ಲವರಿಗೊಮ್ಮೆ ತೋರಿಸಿ. ನೂರು ವರ್ಷ ಮೀರಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ವಿದೇಶದಲ್ಲಿರುವ ಮಕ್ಕಳ ಕೈಗೆ ಅದನ್ನು ಕೊಟ್ಟು ಕಳುಹಿಸುವಂತಿಲ್ಲ ಎಂಬುದೂ ನೆನಪಿರಲಿ.

ನನ್ನ ಒಂಬತ್ತು ರೂಪಾಯಿಗಳು ಮತ್ತೆ ಮಂಕಾಗತೊಡಗಿವೆ. ಗೀರುಗಳು ಮಾತ್ರ ಹಾಗೆಯೇ ಇವೆ. ಬರುವ ದೀಪಾವಳಿಗೆ ಅವನ್ನು ತೊಳೆಯದೆಯೇ ಪೂಜೆಗಿಡುತ್ತೇವೆ.